ಕಸಿ ಕಿಡ್ನಿಗೆ ಎಂಆರ್ ಆಂಜಿಯೋ: ಗ್ಯಾಡೋಲಿನಿಯಂ ಹಾಕಿಸಬಹುದಾ?

ಶಿರಾಗೇಟ್
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮನಿಗೆ 38 ವರ್ಷ. ಕಿಡ್ನಿ ಕಸಿ ಆಗಿ ಏಳೆಂಟು ತಿಂಗಳಾಯ್ತು. ಕೊಟ್ಟಿದ್ದು ನಮ್ಮ ಅಮ್ಮ. ಕ್ರಿಯಾಟಿನಿನ್ (ಕಿಡ್ನಿ ಸೋಸಿ ಹೊರಹಾಕೋ ಕಸ, ಏರಿದರೆ ಕಿಡ್ನಿ ಕೆಲಸ ಕುಗ್ಗಿದೆ ಅಂತ) 1.3ಕ್ಕೆ ಬಂದು ನಿಂತಿತ್ತು. ಈಗ ಸ್ವಲ್ಪ ದಿನದಿಂದ ಬಿಪಿ ಹಿಡಿತಕ್ಕೇ ಸಿಗುತ್ತಿಲ್ಲ. ಮೂರು ಥರದ ಮಾತ್ರೆ ನುಂಗಿದರೂ 170/100. ಟೆಲ್ಮಿಸಾರ್ಟನ್ ಅನ್ನೋ ಇನ್ನೊಂದು ಬಿಪಿ ಮಾತ್ರೆ ಸೇರಿಸಿದರು. ಮುಂದಿನ ಟೆಸ್ಟ್‌ನಲ್ಲಿ ಕ್ರಿಯಾಟಿನಿನ್ 1.9! ಕೂಡಲೇ ಅದನ್ನು ನಿಲ್ಲಿಸಿದರು. ಡಾಪ್ಲರ್ (ರಕ್ತದ ವೇಗ ಅಳೆಯೋ ಅಲ್ಟ್ರಾಸೌಂಡ್) ಮಾಡಿ, ‘ಹೊಸ ಕಿಡ್ನಿಗೆ ಹೋಗುವ ರಕ್ತನಾಳ ಕಿರಿದಾಗಿರೋ ಹಾಗಿದೆ, ಎಂಆರ್ ಆಂಜಿಯೋ (ಎಂಆರ್‌ಐ ಮಷಿನ್‌ನಲ್ಲಿ ರಕ್ತನಾಳದ ಚಿತ್ರ) ಮಾಡಿಸಿ’ ಅಂದಿದ್ದಾರೆ.

ತೊಂದರೆ ಶುರುವಾಗಿದ್ದು ಸ್ಕ್ಯಾನ್ ಸೆಂಟರ್‌ನಲ್ಲಿ. ಒಂದು ಕಡೆ ‘ಗ್ಯಾಡೋಲಿನಿಯಂ ಕಾಂಟ್ರಾಸ್ಟ್ (ಚಿತ್ರ ಎದ್ದು ಕಾಣಲಿ ಅಂತ ಕೊಡೋ ಇಂಜೆಕ್ಷನ್) ಹಾಕದೆ ರಕ್ತನಾಳ ಕಾಣಲ್ಲ’ ಅಂತಾರೆ. ಇನ್ನೊಂದು ಕಡೆ ‘ಕಿಡ್ನಿ ಪೇಷಂಟಾ? ಹಾಕೋದೇ ಇಲ್ಲ’ ಅಂತಾರೆ. ಯಾರೋ ಸಂಬಂಧಿಕರು ವಾಟ್ಸಾಪ್‌ನಲ್ಲಿ, ಈ ಔಷಧಿಯಿಂದ ಮೈ ಚರ್ಮ ಗಟ್ಟಿಯಾಗಿ ಕೈಕಾಲು ಮಡಚೋಕೆ ಆಗದ ಹಾಗೆ ಆಗುತ್ತೆ ಅಂತ ಫೋಟೋ ಸಮೇತ ಕಳಿಸಿದ್ದಾರೆ. ಅಮ್ಮ ಅದನ್ನು ನೋಡಿಬಿಟ್ಟರು. ‘ನಾನು ಕೊಟ್ಟ ಕಿಡ್ನಿಯನ್ನ ಸ್ಕ್ಯಾನ್ ಮಾಡಿ ಹಾಳು ಮಾಡ್ತೀರಾ’ ಅಂತ ಒಂದೇ ಸಮನೆ ಗೋಳು. ಏನು ಮಾಡೋದು? ಸಿಟಿ ಮಾಡಿಸೋದು ವಾಸೀನಾ? ಅನುಭವ ಇರೋರು ಹೇಳಿ.

ಹಳೇ ಡಯಾಲಿಸಿಸ್
ಬೇಡ ಸಾರ್. ನನಗೆ 2009ರಲ್ಲೇ ನಮ್ಮ ಡಾಕ್ಟರ್ ಖಡಾಖಂಡಿತ ಬೇಡ ಅಂದಿದ್ದರು. ಆ ಫೋಟೋ ಸುಳ್ಳಲ್ಲ.

ಮಲ್ನಾಡ್ ಮಂಜ
ಮೊದಲು ರಕ್ತದಲ್ಲಿ ಟ್ಯಾಕ್ರೋಲಿಮಸ್ (ಹೊಸ ಕಿಡ್ನಿಯನ್ನ ದೇಹ ತಿರಸ್ಕರಿಸದಿರಲಿ ಅಂತ ನುಂಗೋ ಮಾತ್ರೆ) ಮಟ್ಟ ನೋಡಿಸಿದ್ರಾ? ಅದು ಜಾಸ್ತಿ ಆದರೂ ಬಿಪಿ ಏರುತ್ತೆ, ಕ್ರಿಯಾಟಿನಿನ್ನೂ ಏರುತ್ತೆ. ನನಗೆ ಹಾಗೇ ಆಗಿತ್ತು.

ಶಿರಾಗೇಟ್
@ಮಲ್ನಾಡ್ ಮಂಜ ನೋಡಿಸಿದ್ದೇವೆ. ಮಟ್ಟ ಸರಿಯಾಗೇ ಇದೆ ಅಂದರು.

ರೇಡಿಯೋಕೋಣೆ
ನಾನು ರೇಡಿಯಾಲಜಿಸ್ಟ್. @ಹಳೇ ಡಯಾಲಿಸಿಸ್ ಅವರೇ, ನಿಮ್ಮ ಡಾಕ್ಟರ್ 2009ರಲ್ಲಿ ಹೇಳಿದ್ದು ಆ ಕಾಲಕ್ಕೆ ಸರಿ. ಅದನ್ನೇ ಈಗಲೂ ಹೇಳಿದರೆ ಸರಿಯಲ್ಲ. ಸ್ವಲ್ಪ ಉದ್ದ ಆಗುತ್ತೆ, ತಾಳ್ಮೆ ಇರಲಿ.

ಗ್ಯಾಡೋಲಿನಿಯಂ ಒಂದು ಲೋಹ. ಬಿಡಿಯಾಗಿ ಮೈಗೆ ಸೇರಿದರೆ ವಿಷ. ಹಾಗಾಗಿ ಅದನ್ನು ಬೇರೊಂದು ಅಣುವಿನಲ್ಲಿ ಕಟ್ಟಿ ಇಂಜೆಕ್ಷನ್ ಮಾಡುತ್ತಾರೆ. ಕಟ್ಟೋದರಲ್ಲಿ ಎರಡು ಬಗೆ. ಲೀನಿಯರ್ ಅನ್ನೋದರಲ್ಲಿ ಹಿಡಿತ ಸಡಿಲ. ಮ್ಯಾಕ್ರೋಸೈಕ್ಲಿಕ್ ಅನ್ನೋದರಲ್ಲಿ ಅಣು ಲೋಹದ ಸುತ್ತ ಪೂರ್ತಿ ಮುಚ್ಚಿಕೊಂಡಿರುತ್ತೆ, ಹಿಡಿತ ಬಿಗಿ. ಕಿಡ್ನಿ ಚೆನ್ನಾಗಿದ್ದರೆ ಸುಮಾರು ಒಂದೂವರೆ ಗಂಟೆಗೆ ಅರ್ಧದಷ್ಟು ಮೂತ್ರದಲ್ಲಿ ಹೋಗಿಬಿಡುತ್ತೆ. ಕಿಡ್ನಿ ಪೂರ್ತಿ ಕೆಟ್ಟಿದ್ದರೆ ಆ ಅರ್ಧ ಹೋಗೋಕೇ ಒಂದು ದಿನಕ್ಕಿಂತ ಜಾಸ್ತಿ ಹಿಡಿಯಬಹುದು. ಅಷ್ಟು ಹೊತ್ತು ಒಳಗೇ ಉಳಿದರೆ ಲೀನಿಯರ್ ಬಗೆಯಲ್ಲಿ ಲೋಹ ಬಿಟ್ಟುಕೊಂಡು ಚರ್ಮ, ಸ್ನಾಯುಗಳಲ್ಲಿ ಹೋಗಿ ಕೂರುತ್ತೆ. ನಿಮ್ಮ ಫೋಟೋದಲ್ಲಿರೋದು ಅದೇ ಕಾಯಿಲೆ, ನೆಫ್ರೋಜೆನಿಕ್ ಸಿಸ್ಟಮಿಕ್ ಫೈಬ್ರೋಸಿಸ್. ಎನ್‌ಎಸ್‌ಎಫ್ ಅಂತ ಕರೆಯುತ್ತಾರೆ.

ಅದನ್ನು ಮೊದಲು ಗಮನಿಸಿದ್ದು 1997ರಲ್ಲಿ, ಕ್ಯಾಲಿಫೋರ್ನಿಯಾದಲ್ಲಿ. 2000ದಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಆಗ ಕಾರಣ ಯಾರಿಗೂ ಗೊತ್ತಿರಲಿಲ್ಲ. 2006ರಲ್ಲಿ ಆಸ್ಟ್ರಿಯಾದವರು, ಆಮೇಲೆ ಡೆನ್ಮಾರ್ಕ್‌ನವರು ‘ಇದು ಗ್ಯಾಡೋಲಿನಿಯಂನಿಂದ’ ಅಂತ ಕೊಂಡಿ ಹಿಡಿದರು. 2007ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ, ಲೇಬಲ್ ಮೇಲೆ ಕಪ್ಪು ಚೌಕದ (ಅತಿ ಕಟ್ಟುನಿಟ್ಟಿನ) ಎಚ್ಚರಿಕೆ ಹಾಕಿಸಿತು. ಇನ್ನೊಂದು ಮಾತು. ಆಗೆಲ್ಲ ರಕ್ತನಾಳ ಚೆನ್ನಾಗಿ ಕಾಣಲಿ ಅಂತ ಮಾಮೂಲಿ ಡೋಸ್‌ನ ಎರಡರಷ್ಟು, ಮೂರರಷ್ಟು ಹಾಕುತ್ತಿದ್ದರು. ಅದೂ ಲೀನಿಯರ್ ಬಗೆಯನ್ನು, ಡಯಾಲಿಸಿಸ್‌ನವರಿಗೆ. ಆಗದೇ ಇರುತ್ತಾ?

ಆದ್ದರಿಂದ ‘ಗ್ಯಾಡೋಲಿನಿಯಂ ಹಾಕುತ್ತೀರಾ’ ಅಂತ ಕೇಳಿದರೆ ಸಾಲದು. ‘ಯಾವ ಗ್ಯಾಡೋಲಿನಿಯಂ, ಎಷ್ಟು’ ಅಂತ ಕೇಳಿ. ಗ್ಯಾಡೋಟೆರೇಟ್, ಗ್ಯಾಡೋಬ್ಯುಟ್ರಾಲ್, ಗ್ಯಾಡೋಟೆರಿಡಾಲ್, ಈ ಮೂರೂ ಮ್ಯಾಕ್ರೋಸೈಕ್ಲಿಕ್. ಲೀನಿಯರ್ ಬಗೆಯ ಗ್ಯಾಡೋಡಯಮೈಡ್ ಅಂದರೆ ಬೇಡ ಅನ್ನಿ.

ಹಳೇ ಡಯಾಲಿಸಿಸ್
ಅಪಾಯ ಇಲ್ಲವೇ ಇಲ್ಲ ಅಂತ ಬರೆದು ಕೊಡ್ತೀರಾ ಡಾಕ್ಟ್ರೇ? ಕಳೆದುಕೊಳ್ಳೋದು ನಾವು.

ರೇಡಿಯೋಕೋಣೆ
ಬರೆದು ಕೊಡೋದಿಲ್ಲ. ಯಾರೂ ಕೊಡಬಾರದು. ಆದರೆ ಲೆಕ್ಕ ಹೇಳಬಲ್ಲೆ. 2020ರಲ್ಲಿ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದರು. ಕಿಡ್ನಿ ಕೆಲಸ ತೀರಾ ಕಮ್ಮಿ ಇರುವ, ಅಂದರೆ ನಾಲ್ಕು ಮತ್ತು ಐದನೇ ಹಂತದ 4,931 ಮಂದಿ. ಎಲ್ಲರಿಗೂ ಸುರಕ್ಷಿತ ಗುಂಪಿನ ಔಷಧಿ ಕೊಟ್ಟಿದ್ದರು. ಎನ್‌ಎಸ್‌ಎಫ್ ಆದವರು ಸೊನ್ನೆ. ಸೊನ್ನೆ ಅಂದರೆ ಮುಂದೆಂದೂ ಆಗಲ್ಲ ಅಂತಲ್ಲ. ಇದ್ದರೂ ಶೇ. 0.07ಕ್ಕಿಂತ ಕಮ್ಮಿ ಅಂತ ಅರ್ಥ. ಇತ್ತ ರಕ್ತನಾಳ ಕಿರಿದಾಗಿದ್ದೂ ಗೊತ್ತಾಗದೆ ಉಳಿದರೆ ಕಸಿ ಕಿಡ್ನಿಯೇ ಹೋಗಬಹುದು. ಎರಡನ್ನೂ ತೂಗಿ ನೋಡಿ.

ಅವರ ತಮ್ಮನದು ನಾಲ್ಕನೇ ಹಂತವೂ ಅಲ್ಲ. 38 ವರ್ಷದ ಗಂಡಸು, ಕ್ರಿಯಾಟಿನಿನ್ 1.9 ಅಂದರೆ ಇಜಿಎಫ್‌ಆರ್ (ಕಿಡ್ನಿ ನಿಮಿಷಕ್ಕೆ ಎಷ್ಟು ಸೋಸುತ್ತೆ ಅನ್ನೋ ಅಂದಾಜು) ಸುಮಾರು 45. ಜಾಸ್ತಿ ಎಚ್ಚರಿಕೆ ಬೇಕಾಗೋದು 30ಕ್ಕಿಂತ ಕೆಳಗೆ ಹೋದವರಿಗೆ, ಡಯಾಲಿಸಿಸ್‌ನಲ್ಲಿರೋರಿಗೆ, ಅಥವಾ ಕಿಡ್ನಿ ದಿಢೀರ್ ಅಂತ ಕೆಡುತ್ತಾ ಇರೋರಿಗೆ. ಕ್ರಿಯಾಟಿನಿನ್ ದಿನದಿನಕ್ಕೂ ಏರುತ್ತಿದ್ದರೆ ಮಾತ್ರ ಈ 45 ನಂಬಬೇಡಿ. ಏರಿಕೆ ನಿಂತಿದೆಯಾ ಅಂತ ಸ್ಕ್ಯಾನ್‌ಗೆ ಮೊದಲು ಇನ್ನೊಂದು ಸಲ ಟೆಸ್ಟ್ ಮಾಡಿಸಿ.

ಒಂದೂವರೆ ಟೆಸ್ಲಾ
ನಾನು ಎಂಆರ್‌ಐ ಟೆಕ್ನಿಷಿಯನ್. ಕಾಂಟ್ರಾಸ್ಟ್ ಇಲ್ಲದೆ ಕಾಣೋದೇ ಇಲ್ಲ ಅಂತ ಹೇಳಿದವರು ಹಳೇ ಮಷಿನ್‌ನವರು ಇರಬೇಕು. ಈಗ ಕಾಂಟ್ರಾಸ್ಟ್ ಇಲ್ಲದೇ ರಕ್ತನಾಳ ತೆಗೆಯೋ ಸೀಕ್ವೆನ್ಸ್‌ಗಳು ಇವೆ. ಹರಿದು ಬರೋ ಹೊಸ ರಕ್ತ ಬೆಳ್ಳಗೆ ಕಾಣೋ ಹಾಗೆ, ಅಲ್ಲೇ ನಿಂತಿರೋ ಭಾಗ ಕಪ್ಪಗೆ ಕಾಣೋ ಹಾಗೆ ಮಾಡುತ್ತೇವೆ. ಒಂದು ಅನುಕೂಲ ಏನು ಗೊತ್ತಾ? ಕಸಿ ಕಿಡ್ನಿ ಇರೋದು ಹೊಟ್ಟೆಯ ಕೆಳಗೆ, ತೊಡೆಸಂದಿಯ ಮೇಲ್ಭಾಗದಲ್ಲಿ. ಸ್ವಂತ ಕಿಡ್ನಿಯಂತೆ ಉಸಿರಾಡಿದಾಗಲೆಲ್ಲ ಮೇಲೆ ಕೆಳಗೆ ಓಡಾಡಲ್ಲ. ಚಿತ್ರ ಅಲುಗಾಡೋದು ಕಮ್ಮಿ.

ಆದರೆ ಮೋಸವೂ ಇದೆ. ಆಪರೇಷನ್‌ನಲ್ಲಿ ಹಾಕಿದ ಲೋಹದ ಕ್ಲಿಪ್ ರಕ್ತನಾಳದ ಪಕ್ಕದಲ್ಲೇ ಇದ್ದರೆ ಅಲ್ಲಿ ಚಿತ್ರ ಕಪ್ಪಾಗುತ್ತೆ. ನೋಡಿದವರಿಗೆ ‘ಇಲ್ಲಿ ಕಿರಿದಾಗಿದೆ’ ಅನ್ನಿಸುತ್ತೆ. ರಕ್ತ ಸುಳಿ ಸುತ್ತುವ ಜಾಗದಲ್ಲೂ ಹಾಗೇ. ಕಾಂಟ್ರಾಸ್ಟ್ ಇಲ್ಲದ ಚಿತ್ರದಲ್ಲಿ ಅರ್ಧ ಕಿರಿದಾಗಿರೋದು ಮುಕ್ಕಾಲು ಕಿರಿದಾದಂತೆ ಕಾಣೋದುಂಟು. ಮೊದಲು ಕಾಂಟ್ರಾಸ್ಟ್ ಇಲ್ಲದೇ ತೆಗೆಯಿರಿ, ಚಿತ್ರ ಚೆನ್ನಾಗಿ ಬಂದರೆ ಅಷ್ಟೇ ಸಾಕು, ಅನುಮಾನ ಇದ್ದರೆ ಮಾತ್ರ ಹಾಕಿ ಅಂತ ನಿಮ್ಮ ಡಾಕ್ಟರ್ ಹತ್ತಿರ ಬರೆಸಿಕೊಂಡು ಬನ್ನಿ. ನಮ್ಮಲ್ಲಿ ಹಾಗೇ ಮಾಡುತ್ತೇವೆ.

ಕೊಟ್ಟ ಅಕ್ಕ
ನಾನು ನಮ್ಮ ಯಜಮಾನರಿಗೆ ಕಿಡ್ನಿ ಕೊಟ್ಟವಳು. ಕೊಡೋ ಮೊದಲು ನನಗೇ ಸಿಟಿ ಆಂಜಿಯೋ ಮಾಡಿದ್ದರು. ಎಡಗಡೆಗೆ ಎಷ್ಟು ರಕ್ತನಾಳ, ಬಲಗಡೆಗೆ ಎಷ್ಟು ಅಂತ ಎಣಿಸಿ ನೋಡಿ, ಯಾವ ಕಡೆಯದು ತೆಗೆಯೋದು ಅಂತ ತೀರ್ಮಾನ ಮಾಡಿದರು. ಶಿರಾಗೇಟ್ ಅಣ್ಣ, ಅಮ್ಮನ ಫೈಲ್‌ನಲ್ಲಿ ಆ ರಿಪೋರ್ಟ್ ಇರುತ್ತೆ. ಅದನ್ನೂ ತಮ್ಮನ ಜೊತೆ ಕಳಿಸಿ. ಅಮ್ಮನಿಗೆ ವಯಸ್ಸಾಗಿದ್ದರೆ ಅವರ ರಕ್ತನಾಳದಲ್ಲೇ ಮೊದಲಿಂದ ಏನಾದರೂ ಇತ್ತಾ ಅನ್ನೋದು ಗೊತ್ತಾಗುತ್ತೆ.

ನಮ್ಮ ಯಜಮಾನರಿಗೂ ಡಾಪ್ಲರ್‌ನಲ್ಲಿ ‘ವೇಗ ಜಾಸ್ತಿ’ ಅಂತ ಬಂದಿತ್ತು. ಗಾಬರಿ ಬಿದ್ದು ಎಂಆರ್ ಮಾಡಿಸಿದರೆ ಕಿರಿದಾಗಿರಲಿಲ್ಲ, ನಾಳ ಸ್ವಲ್ಪ ತಿರುಚಿಕೊಂಡಿತ್ತು ಅಷ್ಟೇ. ಏನೂ ಮಾಡಲಿಲ್ಲ. ಈಗಲೂ ಚೆನ್ನಾಗಿದ್ದಾರೆ. ಹಪ್ಪಳ ಕದ್ದು ತಿಂತಾರೆ, ಅದೊಂದೇ ತಲೆನೋವು.

ಶಿರಾಗೇಟ್
ಅಕ್ಕ, ಈ ಮಾತನ್ನ ಅಮ್ಮನಿಗೆ ಓದಿ ಹೇಳುತ್ತೇನೆ. ‘ವೇಗ ಜಾಸ್ತಿ’ ಅಂದರೆ ಏನು? ಕಿರಿದಾದರೆ ರಕ್ತ ನಿಧಾನ ಆಗಬೇಕಲ್ವಾ?

ನೆಫ್ರೋ ಪಿಜಿ
ಗಾರ್ಡನ್ ಪೈಪ್ ಬಾಯಿಗೆ ಹೆಬ್ಬೆರಳು ಇಟ್ಟರೆ ನೀರು ಚಿಮ್ಮುತ್ತಲ್ಲ, ಅದೇ. ಕಿರಿದಾದ ಜಾಗದಲ್ಲಿ ರಕ್ತ ಜೋರಾಗಿ ನುಗ್ಗುತ್ತೆ. ಸಾಮಾನ್ಯವಾಗಿ ಸೆಕೆಂಡಿಗೆ 250–300 ಸೆಂ.ಮೀ. ದಾಟಿದರೆ ಅನುಮಾನ ಪಡುತ್ತೇವೆ. ಆ ಜಾಗ ದಾಟಿ ಕಿಡ್ನಿ ಒಳಗೆ ಹೋದ ಮೇಲೆ ಮಾತ್ರ ಅಲೆ ಮಂದವಾಗಿ, ತಡವಾಗಿ ಏಳುತ್ತೆ. ಎರಡೂ ಒಟ್ಟಿಗೆ ಕಂಡರೆ ಅನುಮಾನ ಗಟ್ಟಿ. ಕಸಿ ಆದ ಹೊಸತರಲ್ಲಿ ಬರೀ ವೇಗ ಜಾಸ್ತಿ ಇದ್ದರೆ ತನ್ನಷ್ಟಕ್ಕೆ ಇಳಿಯೋದೂ ಇದೆ. ಮತ್ತೆ ಡಾಪ್ಲರ್ ಹಿಡಿಯೋರ ಕೈ ಮೇಲೂ ನಿಂತಿದೆ. ಪ್ರೋಬ್ ಓರೆ ತಪ್ಪಿದರೆ ಲೆಕ್ಕವೂ ತಪ್ಪು.

ನಿಮ್ಮ ತಮ್ಮನ ಕತೆಯಲ್ಲಿ ನನಗೆ ಡಾಪ್ಲರ್‌ಗಿಂತ ಜೋರಾಗಿ ಕಾಣೋದು ಆ ಟೆಲ್ಮಿಸಾರ್ಟನ್. ರಕ್ತ ಒಳಗೆ ಬರೋದು ಕಮ್ಮಿ ಆದಾಗ ಕಿಡ್ನಿ ತನ್ನ ಸೋಸುವ ಗಂಟುಗಳಿಂದ ಹೊರಗೆ ಹೋಗೋ ನಾಳವನ್ನ ಬಿಗಿ ಹಿಡಿದು ಒತ್ತಡ ಉಳಿಸಿಕೊಳ್ಳುತ್ತೆ. ಆ ಬಿಗಿತ ಮಾಡೋದು ಆಂಜಿಯೋಟೆನ್ಸಿನ್ ಅನ್ನೋ ಹಾರ್ಮೋನ್. ಟೆಲ್ಮಿಸಾರ್ಟನ್ ಅದನ್ನು ತಡೆಯುತ್ತೆ. ಹಿಡಿತ ಬಿಡುತ್ತೆ, ಒತ್ತಡ ಬೀಳುತ್ತೆ, ಕ್ರಿಯಾಟಿನಿನ್ ಏರುತ್ತೆ. ಎರಡು ಕಿಡ್ನಿ ಇದ್ದವರಲ್ಲಿ ಇನ್ನೊಂದು ಸಂಭಾಳಿಸುತ್ತೆ. ಇಲ್ಲಿ ಕೆಲಸ ಮಾಡೋದು ಒಂದೇ. ಕಸಿ ಆಗಿ ಮೂರು ತಿಂಗಳಿಂದ ಎರಡು ವರ್ಷದ ಒಳಗೆ ಇದು ಹೆಚ್ಚಾಗಿ ಕಾಣಿಸಿಕೊಳ್ಳುತ್ತೆ. ನೀವು ಸರಿಯಾಗಿ ಆ ಅವಧಿಯಲ್ಲೇ ಇದ್ದೀರಿ.

ಓದಿದವ
ಇಷ್ಟೆಲ್ಲ ಸ್ಕ್ಯಾನ್ ಯಾಕೆ? ಕಿರಿದಾದ ನಾಳ ತೆರೆಯೋಕೆ ಸ್ಟೆಂಟ್ (ಲೋಹದ ಜಾಲರಿ ಕೊಳವೆ) ಹಾಕಿದರೂ ಉಪಯೋಗ ಇಲ್ಲ ಅಂತ 2014ರಲ್ಲೇ ಕೋರಲ್ ಟ್ರಯಲ್‌ನಲ್ಲಿ ಸಾಬೀತಾಗಿದೆ. 900ಕ್ಕೂ ಹೆಚ್ಚು ಜನರನ್ನ ನೋಡಿದ್ದಾರೆ. ಮಾತ್ರೆ ಕೊಟ್ಟವರಿಗೂ ಸ್ಟೆಂಟ್ ಹಾಕಿದವರಿಗೂ ವ್ಯತ್ಯಾಸ ಬರಲಿಲ್ಲ. 2009ರ ಆಸ್ಟ್ರಲ್ ಟ್ರಯಲ್ ಕೂಡ ಅದನ್ನೇ ಹೇಳಿತ್ತು. ಚಿತ್ರ ತೆಗೆದರೆ ಏನಾದರೂ ಕಾಣುತ್ತೆ, ಕಂಡರೆ ಸ್ಟೆಂಟ್, ಸ್ಟೆಂಟ್ ಅಂದರೆ ಬಿಲ್.

ನೆಫ್ರೋ ಪಿಜಿ
@ಓದಿದವ ಎರಡೂ ಟ್ರಯಲ್ ನಿಜ. ಆದರೆ ಅವು ನೋಡಿದ್ದು ಸ್ವಂತ ಕಿಡ್ನಿಯ ರಕ್ತನಾಳದಲ್ಲಿ ಕೊಬ್ಬು ಕಟ್ಟಿದವರನ್ನ. ಹೆಚ್ಚಿನವರು ವಯಸ್ಸಾದವರು. ಕಸಿ ಕಿಡ್ನಿಯಲ್ಲಿ ಕಿರಿದಾಗೋದು ಬಹಳ ಸಲ ಹೊಲಿಗೆ ಹಾಕಿದ ಜಾಗದಲ್ಲಿ ಅಥವಾ ಅದರ ಹತ್ತಿರ. ಕಾರಣವೇ ಬೇರೆ. ಸರಿಯಾದವರನ್ನ ಆರಿಸಿ ಬಲೂನ್ ಅಥವಾ ಸ್ಟೆಂಟ್ ಹಾಕಿದರೆ ಬಿಪಿ ಇಳಿಯೋದನ್ನ, ಕ್ರಿಯಾಟಿನಿನ್ ವಾಪಸ್ ಬರೋದನ್ನ ನಾವು ವಾರ್ಡ್‌ನಲ್ಲಿ ನೋಡುತ್ತೇವೆ. ಅಲ್ಲಿನ ತೀರ್ಪನ್ನ ಇಲ್ಲಿಗೆ ತರೋಕೆ ಆಗಲ್ಲ.

ಓದಿದವ
ಹಾಗಾದರೆ ಕಸಿಯವರ ಮೇಲೇ ಅಂಥ ದೊಡ್ಡ ಟ್ರಯಲ್ ತೋರಿಸಿ. ವಾರ್ಡ್‌ನಲ್ಲಿ ನೋಡಿದ್ದು ಪುರಾವೆ ಆಗಲ್ಲ.

ನೆಫ್ರೋ ಪಿಜಿ
ಅಷ್ಟು ದೊಡ್ಡದು ತೋರಿಸಲ್ಲ. ಈ ತೊಂದರೆ ಇರೋ ಕಸಿಯವರನ್ನ ಅಷ್ಟು ಸಂಖ್ಯೆಯಲ್ಲಿ ಒಂದೆಡೆ ಸೇರಿಸೋದೇ ಕಷ್ಟ. ಅದಕ್ಕೇ ಬರೀ ಚಿತ್ರ ನೋಡಿ ಯಾರಿಗೂ ಸ್ಟೆಂಟ್ ಹಾಕಬಾರದು ಅನ್ನೋದನ್ನ ನಾನೂ ಒಪ್ಪುತ್ತೇನೆ. ಬಿಪಿ ಬಗ್ಗುತ್ತಿಲ್ಲ, ಕ್ರಿಯಾಟಿನಿನ್ ಏರುತ್ತಿದೆ, ಅಥವಾ ರಾತ್ರೋರಾತ್ರಿ ಶ್ವಾಸಕೋಶಕ್ಕೆ ನೀರು ತುಂಬಿ ಉಸಿರು ಕಟ್ಟುತ್ತಿದೆ, ಜೊತೆಗೆ ಚಿತ್ರದಲ್ಲೂ ಕಾಣಬೇಕು. ಏನೂ ತೊಂದರೆ ಇಲ್ಲದವನ ಚಿತ್ರದಲ್ಲಿ ಅರ್ಧ ಕಿರಿದಾಗಿ ಕಂಡರೆ ಸುಮ್ನೆ ಕಾದು ನೋಡೋದೇ ಸರಿ.

@ಶಿರಾಗೇಟ್, ಆ ಉಸಿರು ಕಟ್ಟೋ ಲಕ್ಷಣ ಯಾವಾಗಲಾದರೂ ಬಂದರೆ ಸ್ಕ್ಯಾನ್ ಅಪಾಯಿಂಟ್‌ಮೆಂಟ್ ಕಾಯಬೇಡಿ. ನೇರ ಎಮರ್ಜೆನ್ಸಿಗೆ.

ಪ್ರಕೃತಿ ಮಿತ್ರ
ಈ ಲೋಹ ಗೀಹ ಎಲ್ಲ ಯಾಕೆ. ಅಮೃತಬಳ್ಳಿ ಕಷಾಯ 48 ದಿನ ಕುಡಿಸಿ. ರೋಗ ನಿರೋಧಕ ಶಕ್ತಿ ಹೆಚ್ಚುತ್ತೆ, ರಕ್ತ ಶುದ್ಧಿ ಆಗುತ್ತೆ, ನಾಳ ತೆರೆಯುತ್ತೆ.

ಮಲ್ನಾಡ್ ಮಂಜ
ದೇವರೇ! ಕಸಿ ಆದವನಿಗೆ ರೋಗ ನಿರೋಧಕ ಶಕ್ತಿ ಹೆಚ್ಚಿಸ್ತೀರಾ? ಅದನ್ನ ಕಮ್ಮಿ ಇಡೋಕೆ ತಾನೇ ನಾವು ದಿನಾ ಎರಡು ಹೊತ್ತು ಗಡಿಯಾರ ನೋಡಿಕೊಂಡು ಮಾತ್ರೆ ನುಂಗೋದು. ಅದು ಎದ್ದು ಕೂತರೆ ಮೊದಲು ಹೊಡೆಯೋದು ಹೊಸ ಕಿಡ್ನಿಯನ್ನೇ.

ಪ್ರಕೃತಿ ಮಿತ್ರ
ನಮ್ಮ ಅಜ್ಜ 92 ವರ್ಷ ಬದುಕಿದ್ದರು, ಕಷಾಯ ಕುಡಿದೇ.

ಕೊಟ್ಟ ಅಕ್ಕ
ಅಜ್ಜನಿಗೆ ಕಿಡ್ನಿ ಕಸಿ ಆಗಿತ್ತಾ?

ದೇವನಹಳ್ಳಿ ಬಸ್
ಅದೆಲ್ಲ ಬಿಡಿ, ಹಣ್ಣಿನ ಬಗ್ಗೆ ಯಾರೂ ಹೇಳಲೇ ಇಲ್ಲ. ನಮ್ಮೂರ ಚಕ್ಕೋತ ತಿಂದರೂ ಟ್ಯಾಕ್ರೋಲಿಮಸ್ ಮಟ್ಟ ಏರುತ್ತಂತೆ. ಗ್ರೇಪ್‌ಫ್ರೂಟ್ ಬೇಡ ಅಂತ ಚೀಟಿಯಲ್ಲಿ ಬರೆದಿರುತ್ತಾರೆ. ನಮ್ಮ ಕಡೆ ಆ ಹಣ್ಣನ್ನ ಯಾರು ಕಂಡಿದ್ದಾರೆ? ‘ಚಕ್ಕೋತ ಬೇಡ’ ಅಂತ ಬರೆದರೆ ತಾನೇ ಅರ್ಥ ಆಗೋದು. ನಮ್ಮ ಭಾವ ಗೊತ್ತಿಲ್ಲದೇ ಬುಟ್ಟಿಗಟ್ಟಲೆ ತಿಂದಿದ್ದ.

ಮಲ್ನಾಡ್ ಮಂಜ
ಕಿತ್ತಳೆ?

ನೆಫ್ರೋ ಪಿಜಿ
ಮಾಮೂಲಿ ಕಿತ್ತಳೆ ತಿನ್ನಬಹುದು, ಪೊಟ್ಯಾಸಿಯಂ ಸರಿ ಇದ್ದರೆ. ಚಕ್ಕೋತ ಮಾತ್ರ ಬೇಡವೇ ಬೇಡ. ಟ್ಯಾಕ್ರೋಲಿಮಸ್ಸನ್ನ ಕರಗಿಸೋ ಕಿಣ್ವವನ್ನ ಅದು ಕರುಳಲ್ಲೇ ತಡೆಯುತ್ತೆ.

ಧಾರವಾಡ ಪೇಡೆ
ನಾನೂ ಒಂದು ಗೋಳು ಹೇಳ್ತೀನ್ರಿ. ನಮ್ಮ ಮಾವನವರನ್ನ ಮಷಿನ್ ಒಳಗ ಮಲಗಿಸಿ ಹೊರಗಿಂದ ಮೈಕಿನಲ್ಲಿ ‘ಸಾಂಸ್ ರೋಕೋ’ ಅಂತ ಹಿಂದಿಯಲ್ಲಿ ಕೂಗಿದರು. ಅವರಿಗೆ ಹಿಂದಿ ಬರಂಗಿಲ್ಲ. ಉಸಿರು ಹಿಡಿಯೋ ಬದಲು ‘ಏನಂದ್ರಿ?’ ಅಂತ ಎದ್ದು ಕೂರೋಕೆ ಹೋದರು. ಚಿತ್ರ ಕೆಟ್ಟಿತು, ಮತ್ತೆ ಶುರು. ದುಡ್ಡು ಕೊಟ್ಟೋರು ನಾವು. ನಮ್ಮ ಮಾತಿನಾಗ ಎರಡು ಪದ ಹೇಳೋಕೆ ಏನು ಧಾಡಿ?

ಹಳೇ ಡಯಾಲಿಸಿಸ್
ನಿಜ. ಕನ್ನಡದಲ್ಲಿ ಬೋರ್ಡ್ ಇರುತ್ತೆ, ಒಳಗೆ ಕನ್ನಡ ಇರಲ್ಲ.

ಬೆಂಗ್ಳೂರ್ ಬಾಬು
ಶುರುವಾಯ್ತು. ಟೆಕ್ನಿಷಿಯನ್ ಯಾವ ಊರಿಂದ ಬಂದರೇನು, ಕೆಲಸ ಚೆನ್ನಾಗಿ ಮಾಡಿದರೆ ಸಾಕಲ್ವಾ?

ಧಾರವಾಡ ಪೇಡೆ
ಪೇಷಂಟ್‌ಗೆ ತಿಳಿಯದಿದ್ದರೆ ಕೆಲಸ ಚೆನ್ನಾಗಿ ಆಗೋದು ಹ್ಯಾಂಗ್ರಿ ಬಾಬು? ಉಸಿರು ಹಿಡೀಬೇಕಾದೋರು ಅವರು.

ನಿರ್ವಾಹಕ
ಭಾಷೆಯ ಜಗಳಕ್ಕೆ ಬೇರೆ ಎಳೆ ಇದೆ. ಅಮೃತಬಳ್ಳಿಯ ಎರಡು ಪೋಸ್ಟ್ ತೆಗೆದಿದ್ದೇನೆ, ಮೊದಲಿನ ಎರಡನ್ನು ಉತ್ತರ ಇರುವ ಕಾರಣಕ್ಕೆ ಬಿಟ್ಟಿದ್ದೇನೆ. ವಿಷಯಕ್ಕೆ ಬನ್ನಿ.

ಒಂದೂವರೆ ಟೆಸ್ಲಾ
ಪೇಡೆಯವರ ಗೋಳಿಗೆ ಪರಿಹಾರ ಇದೆ. ಒಳಗೆ ಹೋಗೋ ಮೊದಲೇ ‘ಯಾವ ಮಾತಲ್ಲಿ ಹೇಳ್ತೀರಿ, ಒಂದು ಸಲ ಅಭ್ಯಾಸ ಮಾಡಿಸಿ’ ಅಂತ ಕೇಳಿ. ಯಾರೂ ಬೇಡ ಅನ್ನಲ್ಲ. ಇನ್ನು ಕಸಿಯವರು ನಮ್ಮ ಹತ್ತಿರ ಬಂದಾಗ ಹೇಳಲೇಬೇಕಾದ ವಿಷಯ ಬರೆಯುತ್ತೇನೆ.

ಫಿಸ್ಟುಲಾ (ಡಯಾಲಿಸಿಸ್‌ಗೆ ಅಂತ ಆಪರೇಷನ್ ಮಾಡಿ ಜೋಡಿಸಿದ ರಕ್ತನಾಳ) ಇರೋ ಕೈ ತೋರಿಸಿ, ಆ ಕೈಗೆ ಸೂಜಿ ಬೇಡ ಅನ್ನಿ. ಈಗ ಡಯಾಲಿಸಿಸ್ ನಿಂತಿದೆ ಅಂತ ಜನ ಮರೆತುಬಿಡುತ್ತಾರೆ. ಕಾಂಟ್ರಾಸ್ಟ್ ಹಾಕೋದು ಇಂಜೆಕ್ಟರ್ ಮಷಿನ್‌ನಿಂದ, ರಭಸವಾಗಿ. ನಾಳ ಹಾಳಾದರೆ ಮುಂದೆ ಬೇಕಾದಾಗ ಸಿಗಲ್ಲ. ತಾಳಿ, ಕಾಲುಂಗುರ, ಉಡುದಾರದಲ್ಲಿ ಕಟ್ಟಿದ ತಾಯಿತ ಎಲ್ಲ ಮನೆಯಲ್ಲೇ ಬಿಚ್ಚಿಟ್ಟು ಬನ್ನಿ. ಮೈಗೆ ಅಂಟಿಸೋ ಔಷಧಿ ಪಟ್ಟಿ ಇದ್ದರೆ ತಪ್ಪದೇ ಹೇಳಿ. ಬಿಪಿಗೆ ಅಂಟಿಸೋದೂ ಸೇರಿ, ಕೆಲವದರ ಹಿಂದೆ ಲೋಹದ ಹಾಳೆ ಇರುತ್ತೆ, ಚರ್ಮ ಸುಡುತ್ತೆ. ಪೇಸ್‌ಮೇಕರ್ ಇದ್ದರೆ ಬಾಗಿಲ ಹತ್ತಿರ ಬರೋ ಮೊದಲೇ ಹೇಳಬೇಕು.

ಇಕ್ಕಟ್ಟಿನ ಭಯ ಇರೋರಿಗೆ ಒಂದು ಸಮಾಧಾನ. ಇದಕ್ಕೆ ಕಾಲು ಮೊದಲು ಮಾಡಿ ಒಳಗೆ ಕಳಿಸಬಹುದು. ಬಹಳಷ್ಟು ಜನರ ತಲೆ ಮಷಿನ್‌ನ ಬಾಯಿ ಹತ್ತಿರವೇ ಇರುತ್ತೆ, ಸೀಲಿಂಗ್ ಕಾಣುತ್ತೆ. ಕೇಳಿ ಮಾಡಿಸಿಕೊಳ್ಳಿ. ಡಬಡಬ ಸದ್ದು ಮಾತ್ರ ತಪ್ಪಲ್ಲ, ಕಿವಿಗೆ ಹತ್ತಿ ಕೊಡುತ್ತಾರೆ.

ಮ್ಯೂನಿಕ್ ಮಗ
ಜರ್ಮನಿಯಿಂದ. ಇಲ್ಲಿ ಯುರೋಪ್‌ನಲ್ಲಿ 2017ರಲ್ಲಿ ಲೀನಿಯರ್ ಬಗೆಯ ಹೆಚ್ಚಿನವನ್ನ ನಿಲ್ಲಿಸಿಯೇ ಬಿಟ್ಟರು. ಲಿವರ್ ನೋಡೋಕೆ ಅಂತ ಒಂದೆರಡನ್ನ ಮಾತ್ರ ಉಳಿಸಿಕೊಂಡರು. ಅದು ಎನ್‌ಎಸ್‌ಎಫ್ ಒಂದಕ್ಕೇ ಅಲ್ಲ, ಕಿಡ್ನಿ ಸರಿ ಇರೋರ ಮೆದುಳಲ್ಲೂ ಸ್ವಲ್ಪ ಲೋಹ ಉಳಿಯುತ್ತೆ ಅಂತ ಗೊತ್ತಾದ ಮೇಲೆ. ಅದರಿಂದ ಕಾಯಿಲೆ ಆಗಿದ್ದು ಕಂಡಿಲ್ಲ, ಆದರೂ ಇರಲಿ ಅಂತ ನಿಲ್ಲಿಸಿದರು. ಅಮೆರಿಕದಲ್ಲಿ ಹಾಗೆ ನಿಷೇಧ ಮಾಡಲಿಲ್ಲ, ಎಚ್ಚರಿಕೆ ಬರೆಸಿದರು.

ಇನ್ನೊಂದು ದಾರಿಯೂ ಇದೆ, ಫೆರುಮಾಕ್ಸಿಟಾಲ್. ಅದು ಕಬ್ಬಿಣದ ಇಂಜೆಕ್ಷನ್. ಕಿಡ್ನಿಯವರ ರಕ್ತಹೀನತೆಗೆ ಅಂತ 2009ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು. ರಕ್ತನಾಳದಲ್ಲೇ ಗಂಟೆಗಟ್ಟಲೆ ಉಳಿಯೋದರಿಂದ ಚಿತ್ರ ಸೊಗಸಾಗಿ ಬರುತ್ತೆ. ಗ್ಯಾಡೋಲಿನಿಯಂ ಗೊಡವೆಯೇ ಇಲ್ಲ.

ರೇಡಿಯೋಕೋಣೆ
@ಮ್ಯೂನಿಕ್ ಮಗ ಆ ಒಪ್ಪಿಗೆ ಸಿಕ್ಕಿದ್ದು ರಕ್ತಹೀನತೆಗೆ, ಕಿಡ್ನಿ ರಕ್ತನಾಳದ ಚಿತ್ರಕ್ಕೆ ಬಳಸೋದು ಒಪ್ಪಿಗೆಯಾಚೆ. ಅಪರೂಪಕ್ಕೆ ಪ್ರಾಣಕ್ಕೇ ಬರೋ ಅಲರ್ಜಿ ಆಗುತ್ತೆ ಅಂತ 2015ರಲ್ಲಿ ಅದಕ್ಕೂ ಕಪ್ಪು ಚೌಕ ಬಿತ್ತು. ಇಜಿಎಫ್‌ಆರ್ 45 ಇರೋರಿಗೆ ಅಷ್ಟು ಸುತ್ತು ಬಳಸಬೇಕಿಲ್ಲ.

ಶಿರಾಗೇಟ್ ಕೇಳಿದ ಸಿಟಿ ವಿಷಯ ಹಾಗೇ ಉಳಿದಿದೆ. ಸಿಟಿ ಆಂಜಿಯೋ ಚಿತ್ರ ಸ್ಪಷ್ಟ, ಕ್ಷಣದಲ್ಲಿ ಮುಗಿಯುತ್ತೆ. ಅಯೋಡಿನ್ ಕಾಂಟ್ರಾಸ್ಟ್ ಬೇಕು, ವಿಕಿರಣವೂ ಇದೆ. ಅಯೋಡಿನ್‌ನಿಂದ ಕಿಡ್ನಿ ಕೆಡುತ್ತೆ ಅನ್ನೋ ಭಯ ಮೊದಲು ಅಂದುಕೊಂಡಷ್ಟು ದೊಡ್ಡದಲ್ಲ ಅಂತ ಈಗ ಅನೇಕರು ಹೇಳುತ್ತಾರೆ. ಆದರೂ ಕ್ರಿಯಾಟಿನಿನ್ ಆಗಲೇ ಏರುತ್ತಿರೋ ಒಂಟಿ ಕಿಡ್ನಿಗೆ ನಾನಂತೂ ಎಂಆರ್‌ನಿಂದಲೇ ಶುರು ಮಾಡುತ್ತೇನೆ.

ದೇವನಹಳ್ಳಿ ಬಸ್
ನಮ್ಮ ಭಾವನಿಗೆ ಕಾಂಟ್ರಾಸ್ಟ್ ಮೊದಲು ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಮಾತ್ರೆ ನಿಲ್ಲಿಸಿ ಅಂದಿದ್ದರು. ಇದಕ್ಕೂ ನಿಲ್ಲಿಸಬೇಕಾ?

ರೇಡಿಯೋಕೋಣೆ
ಅದು ಸಿಟಿಯ ಅಯೋಡಿನ್ ಕಾಂಟ್ರಾಸ್ಟ್‌ಗೆ. ಎಂಆರ್‌ಗೆ ಮಾಮೂಲಿ ಡೋಸ್ ಗ್ಯಾಡೋಲಿನಿಯಂ ಹಾಕಿದರೆ ಆ ನಿಯಮ ಇಲ್ಲ.

ಉಡುಪಿ ಶಾರದಕ್ಕ
ನನ್ನ ಮಗಳಿಗೆ ಕಸಿ ಆಗಿದೆ, ಈಗ ನಾಲ್ಕು ತಿಂಗಳ ಬಸುರಿ. ಅವಳಿಗೂ ಬಿಪಿ ಏರುತ್ತಾ ಇದೆ. ಇಂಥದ್ದೇ ಸ್ಕ್ಯಾನ್ ಬೇಕಾಗಬಹುದು ಅಂದರು. ಮಗುವಿಗೆ?

ನೆಫ್ರೋ ಪಿಜಿ
ಶಾರದಕ್ಕ, ಬಸುರಿಯರಿಗೆ ಗ್ಯಾಡೋಲಿನಿಯಂ ಆದಷ್ಟೂ ಹಾಕಲ್ಲ. ಡಾಪ್ಲರ್ ಮೊದಲು, ಬೇಕೇ ಬೇಕಾದರೆ ಕಾಂಟ್ರಾಸ್ಟ್ ಇಲ್ಲದ ಎಂಆರ್. ಬಸುರಿಯಲ್ಲಿ ಬಿಪಿ ಏರೋಕೆ ಬೇರೆ ಕಾರಣಗಳೂ ಇವೆ, ಅವನ್ನು ತಡ ಮಾಡದೇ ನೋಡಬೇಕು. ಕಸಿ ಡಾಕ್ಟರ್, ಹೆರಿಗೆ ಡಾಕ್ಟರ್ ಇಬ್ಬರೂ ಒಟ್ಟಿಗೆ ಮಾತಾಡಲಿ.

ಶಿರಾಗೇಟ್
ಎಲ್ಲರಿಗೂ ಧನ್ಯವಾದ. ಇವತ್ತು ಸ್ಕ್ಯಾನ್ ಆಯ್ತು. ಔಷಧಿ ಯಾವುದು ಅಂತ ಕೇಳಿದ್ದಕ್ಕೆ ರಿಸೆಪ್ಷನ್‌ನವರು ಮುಖ ಮುಖ ನೋಡಿಕೊಂಡರು. ಆಮೇಲೆ ಒಳಗಿನವರೇ ಬಂದು ಡಬ್ಬ ತೋರಿಸಿದರು, ಗ್ಯಾಡೋಟೆರೇಟ್. ಮೊದಲು ಕಾಂಟ್ರಾಸ್ಟ್ ಇಲ್ಲದೇ ತೆಗೆದು, ಹೊಲಿಗೆ ಹತ್ತಿರ ಕಪ್ಪು ಕಾಣಿಸಿತು ಅಂತ ಮಾಮೂಲಿ ಡೋಸ್ ಹಾಕಿದರು. ಹಾಕಿದ ಮೇಲೂ ಕಿರಿದು ಹೌದು ಅಂತ ರಿಪೋರ್ಟ್. ಸೊಂಟದಿಂದ ಬರೋ ದೊಡ್ಡ ನಾಳ ಚೆನ್ನಾಗಿದೆಯಂತೆ.

ಈಗ ಕ್ಯಾತಿಟರ್ ಆಂಜಿಯೋ (ರಕ್ತನಾಳದೊಳಗೆ ತೆಳು ಕೊಳವೆ ತೂರಿಸಿ ಚಿತ್ರ ತೆಗೆಯೋದು) ಮಾಡಿ ಅಲ್ಲೇ ಸರಿ ಮಾಡೋಣ ಅಂತಿದ್ದಾರೆ. ಮತ್ತೆ ಅಯೋಡಿನ್ ಬೇಕಲ್ವಾ? ಸ್ಟೆಂಟ್ ಹಾಕಿದರೆ ಮುಂದೆ ಎಂಆರ್‌ಐ ಮಾಡೋ ಹಾಗಿಲ್ಲ ಅಂತ ಪಕ್ಕದ ಮನೆಯವರು.

ನೆಫ್ರೋ ಪಿಜಿ
ದೊಡ್ಡ ನಾಳ ಚೆನ್ನಾಗಿದೆ ಅನ್ನೋದು ಒಳ್ಳೇ ಸುದ್ದಿ. ಕೆಲವರಲ್ಲಿ ಕಿಡ್ನಿಯ ನಾಳ ಸರಿ ಇದ್ದು, ಅದಕ್ಕೆ ರಕ್ತ ಕೊಡೋ ಮೇಲಿನ ನಾಳವೇ ಕಿರಿದಾಗಿರುತ್ತೆ. ಬರೀ ಕಿಡ್ನಿ ಹತ್ತಿರ ಹುಡುಕಿದರೆ ಅದು ತಪ್ಪಿಹೋಗುತ್ತೆ. ಎಂಆರ್‌ನಲ್ಲಿ ಎರಡೂ ಒಂದೇ ಸಲ ಸಿಕ್ಕಿತು.

ಕ್ಯಾತಿಟರ್‌ಗೆ ಅಯೋಡಿನ್ ಬೇಕು, ಆದರೆ ಎಲ್ಲಿ ಅಂತ ಮೊದಲೇ ಗೊತ್ತಿರೋದರಿಂದ ಸ್ವಲ್ಪದರಲ್ಲೇ ಮುಗಿಸಬಹುದು. ಕೆಲವು ಕಡೆ ಕಾರ್ಬನ್ ಡೈಆಕ್ಸೈಡ್ ಗಾಳಿ ಬಿಟ್ಟು ಚಿತ್ರ ತೆಗೆಯುತ್ತಾರೆ, ಹೊಟ್ಟೆಯ ಕೆಳಭಾಗದ ನಾಳಗಳಿಗೆ ಅದು ಆಗುತ್ತೆ. ಅವರ ಹತ್ತಿರ ಇದೆಯಾ ಕೇಳಿ. ನಾಳ ಹರಿದುಹೋಗೋದು, ಒಳಗೆ ರಕ್ತ ಹೆಪ್ಪುಗಟ್ಟೋದು ಅಪರೂಪಕ್ಕೆ ಆಗುತ್ತೆ. ಸಹಿ ಹಾಕೋ ಮೊದಲು ‘ಹಾಗಾದರೆ ಇಲ್ಲೇ ಸರ್ಜನ್ ಇರುತ್ತಾರಾ’ ಅಂತ ಕೇಳಿ.

ಓದಿದವ
ಒಳಗೆ ಹೋದ ಮೇಲೆ ಕಿರಿದಾದ ಜಾಗದ ಆಚೆ ಈಚೆ ಒತ್ತಡ ಅಳೆಯೋಕೆ ಹೇಳಿ. ವ್ಯತ್ಯಾಸ ಇಲ್ಲದಿದ್ದರೆ ಸ್ಟೆಂಟ್ ಬೇಡ. ಇಷ್ಟಾದರೂ ನನ್ನ ಮಾತು ಕೇಳಿ.

ನೆಫ್ರೋ ಪಿಜಿ
ಈ ಮಾತಿಗೆ ನನ್ನ ಓಟೂ ಇದೆ.

ಒಂದೂವರೆ ಟೆಸ್ಲಾ
ಪಕ್ಕದ ಮನೆಯವರದು ತಪ್ಪು. ಈಗಿನ ಸ್ಟೆಂಟ್‌ಗಳಿಗೆ ಎಂಆರ್‌ಐ ಮಾಡಬಹುದು, ಕಾರ್ಡ್ ಕೊಡುತ್ತಾರೆ, ಅದನ್ನ ಪರ್ಸ್‌ನಲ್ಲಿ ಇಟ್ಟುಕೊಳ್ಳಿ. ತಲೆ, ಬೆನ್ನು, ಮೊಣಕಾಲು ಏನು ಬೇಕಾದರೂ ನೋಡಬಹುದು. ಸ್ಟೆಂಟ್ ಒಳಗೆ ಮಾತ್ರ ಎಂಆರ್‌ನಲ್ಲಿ ಕಾಣಲ್ಲ, ಲೋಹ ಇರೋದರಿಂದ ಅಷ್ಟು ಜಾಗ ಖಾಲಿ ಬರುತ್ತೆ. ನೋಡಿದವರು ‘ಮುಚ್ಚಿಹೋಗಿದೆ’ ಅಂತ ಬರೆದು ಗಾಬರಿ ಮಾಡಿದ್ದೂ ಇದೆ. ಮುಂದಿನ ತಪಾಸಣೆಗೆ ಡಾಪ್ಲರ್ ಸಾಕು.

ಮಲ್ನಾಡ್ ಮಂಜ
ಫಿಲಂ ಒಂದೇ ಕೊಟ್ಟರಾ? ಸಿಡಿ ಕೇಳಿ ತಗೊಳ್ಳಿ. ಕ್ಯಾತಿಟರ್ ಮಾಡೋರಿಗೆ ಆ ಆರು ಚೌಕದ ಫಿಲಂನಲ್ಲಿ ಏನೂ ಸಿಗಲ್ಲ. ಅವರು ನಾಳವನ್ನ ತಿರುಗಿಸಿ ತಿರುಗಿಸಿ ನೋಡಬೇಕು.

ಶಿರಾಗೇಟ್
ಫಿಲಂ ಮಾತ್ರ ಕೊಟ್ಟಿದ್ದಾರೆ. ನಾಳೆ ಹೋಗಿ ಕೇಳ್ತೀನಿ. ಸಿಡಿಗೆ ಬೇರೆ ದುಡ್ಡಾ?

ಒಂದೂವರೆ ಟೆಸ್ಲಾ
ಕೆಲವು ಕಡೆ ಸ್ವಲ್ಪ ತಗೋತಾರೆ. ಬೇಗ ಹೋಗಿ, ಎಷ್ಟೋ ಸೆಂಟರ್‌ಗಳಲ್ಲಿ ಹಳೇ ಚಿತ್ರಗಳನ್ನ ಅಳಿಸಿಬಿಡುತ್ತಾರೆ. ಪೆನ್‌ಡ್ರೈವ್ ಒಯ್ದರೂ ಹೆಚ್ಚಿನವರು ಸಿಕ್ಕಿಸಲ್ಲ, ವೈರಸ್ ಭಯ.